ತಾಲೂಕಿಗೆ ಒಂದೇ ಜಾಗ

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಖಾನಾಪುರದ ಶಾಲೆಯೊಂದರಿಂದ ಕರೆ ಬಂದಿತ್ತು. ನಾಲ್ಕನೇ ತರಗತಿಯಲ್ಲಿ ಜಾಣ ಮಕ್ಕಳು ಯಾರು ಅಂತ ನೋಡಿ ಹೇಳಬೇಕಿತ್ತು. ಮಾಸ್ತರಿಕೆ ಮಾಡಿ ನಿವೃತ್ತಳಾದವಳು, ಅದೇ ಊರಲ್ಲಿ ಹುಟ್ಟಿ ಬೆಳೆದವಳು ಅಂತ ನನ್ನನ್ನು ಕರೆದಿದ್ದರು. ಬಸ್ಸಿಳಿದು ಛತ್ರಿ ಬಿಚ್ಚಿಕೊಂಡು ನಡೆಯುತ್ತಿದ್ದಾಗ ಗಾಳಿ ದಿಕ್ಕು ಬದಲಿಸಿತು. ಹಸಿ ಜೇಡಿಮಣ್ಣು ಬೇಯುವ ವಾಸನೆ ಬಂತು. ನಾನು ಚಿಕ್ಕವಳಿದ್ದಾಗ ಊರ ಸುತ್ತ ಎಷ್ಟೋ ಹಂಚಿನ ಭಟ್ಟಿಗಳಿದ್ದವು. ಈಗ ಉಳಿದಿರುವುದು ಅಲ್ಲೊಂದು ಇಲ್ಲೊಂದು. ಆದರೂ ಆ ವಾಸನೆ ಮೂಗಿಗೆ ಬಡಿದೊಡನೆ ಎದೆಯಲ್ಲಿ ಏನೋ ಚುಚ್ಚಿದಂತಾಯಿತು. ಇಷ್ಟು ವಯಸ್ಸಾದ ಮೇಲೂ ಚುಚ್ಚುತ್ತದಲ್ಲ ಅಂತ ನನಗೇ ಆಶ್ಚರ್ಯ.

ಶಾಲೆಯಲ್ಲಿ ಮೊದಲ ಬೆಂಚಿನ ಮಕ್ಕಳನ್ನು ತಲೆಗೆ ಎಣ್ಣೆ ಹಚ್ಚಿ ಬಾಚಿಸಿ ಸಾಲಾಗಿ ನಿಲ್ಲಿಸಿದ್ದರು. ಸಾಲಿನ ತುದಿಗೆ ನಿಂತ ಹುಡುಗಿಯೊಬ್ಬಳು ನನ್ನನ್ನೇ ನೋಡುತ್ತಿದ್ದಳು. ತನ್ನ ಆಯ್ಕೆ ಆಗಿಯೇ ಆಗಿದೆ ಎಂಬ ನಿಶ್ಚಿಂತೆ ಅವಳ ಮುಖದಲ್ಲಿತ್ತು. ಆ ನಿಶ್ಚಿಂತೆಯನ್ನು ನಾನು ಬಲ್ಲೆ. ಎಪ್ಪತ್ತರ ದಶಕದ ಆರಂಭದ ಒಂದು ಜೂನ್ ತಿಂಗಳವರೆಗೆ ಅದು ನನ್ನದೇ ಆಗಿತ್ತು.

ಆಗ ನಾನು ನಾಲ್ಕನೇ ಇಯತ್ತೆ. ಅಪ್ಪ ಅದೇ ಕನ್ನಡ ಶಾಲೆಯ ಹೆಡ್‌ಮಾಸ್ತರ. ಮನೆಯಲ್ಲಿ ಲಿಂಗಪೂಜೆ ಮುಗಿಸಿ ಹಣೆಗೆ ವಿಭೂತಿ ಹಚ್ಚಿಕೊಂಡು ಅಪ್ಪ ಹೊರಟರೆ, ಅವರ ಕೈ ಹಿಡಿದು ನಾನೂ ಹೊರಡುತ್ತಿದ್ದೆ. ಮಗ್ಗಿ, ಪದ್ಯ, ನಕಾಶೆ, ಶುದ್ಧ ಬರಹ, ಯಾವುದರಲ್ಲೂ ನನ್ನನ್ನು ಮೀರಿಸುವವರು ಇರಲಿಲ್ಲ. ಸಾಹೇಬರು ಯಾರಾದರೂ ಶಾಲೆ ನೋಡಲು ಬಂದರೆ ಅಪ್ಪ ಸುಮ್ಮನೆ ನನ್ನ ಕಡೆ ಕಣ್ಣು ಹಾಯಿಸುತ್ತಿದ್ದರು. ನಾನು ಎದ್ದು ನಿಂತು ಶುರು ಮಾಡುತ್ತಿದ್ದೆ. ಮುಗಿದ ಮೇಲೆ ಅವರು ಏನೂ ಹೇಳುತ್ತಿರಲಿಲ್ಲ, ಮೀಸೆಯ ಮೇಲೆ ಒಮ್ಮೆ ಬೆರಳಾಡಿಸುತ್ತಿದ್ದರು. ಆ ಬೆರಳಾಡಿಸುವುದಕ್ಕಾಗಿ ನಾನು ಏನನ್ನು ಬೇಕಾದರೂ ಬಾಯಿಪಾಠ ಮಾಡುತ್ತಿದ್ದೆ.

ಆ ಜೂನಿನಲ್ಲಿ, ಮಳೆ ಹಿಡಿದು ಅಂಗಳವೆಲ್ಲ ಕೆಸರಾಗಿದ್ದಾಗ, ಬೆಳಗಾವಿಯಿಂದ ದೇಶಪಾಂಡೆ ಅಕ್ಕೋರು ಬಂದರು. ಹೆಣ್ಣು ಮಾಸ್ತರರಿಗೆ ನಮ್ಮ ಕಡೆ ಅಕ್ಕೋರು ಅನ್ನುತ್ತೇವೆ. ಅವರು ಮಾಸ್ತರರಿಗೆ ಕಲಿಸುವ ಟ್ರೇನಿಂಗ್ ಕಾಲೇಜಿನವರು. ತಾಲೂಕಿನ ಶಾಲೆಗಳಲ್ಲಿ ಬುದ್ಧಿವಂತ ಮಕ್ಕಳನ್ನು ಹುಡುಕಿ, ವರ್ಷವಿಡೀ ಭಾನುವಾರಗಳಂದು ಬೆಳಗಾವಿಯಲ್ಲಿ ಅವರಿಗೆ ಬೇರೆ ಥರದ ಪಾಠ ನಡೆಸುವುದು, ಕೊನೆಗೆ ತಾಲೂಕಿಗೆ ಒಬ್ಬರಂತೆ ಆರಿಸಿ ವಸತಿ ಶಾಲೆಗೆ ಸೇರಿಸುವುದು ಅವರ ಕೆಲಸವಾಗಿತ್ತು. ಅಲ್ಲಿ ಊಟ, ವಸತಿ, ಓದು ಎಲ್ಲ ಪುಕ್ಕಟೆ.

ಅಪ್ಪ ತಮ್ಮ ಖೋಲಿಯಲ್ಲಿ ಅವರನ್ನು ಕುಳ್ಳಿರಿಸಿ ಚಹಾ ತರಿಸಿದರು. ನಾನು ಚಹಾದ ತಾಟು ಹಿಡಿದು ಅಲ್ಲೇ ನಿಂತಿದ್ದೆ. ನಮ್ಮ ವರ್ಗದ ಪಾಟೀಲ ಮಾಸ್ತರು ಜಾಣರ ಹೆಸರು ಹೇಳಿದರು. ಮೊದಲನೆಯದು ನನ್ನದು. ಅಕ್ಕೋರು ಎಲ್ಲ ಕೇಳಿಸಿಕೊಂಡು ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು.

"ಇವರೆಲ್ಲ ಹೇಳಿದ್ದು ಕೇಳೋ ಮಕ್ಕಳು ಕಾಣಸ್ತದ. ಈಗ ಇನ್ನೊಂದು ಹೇಳ್ರಿ. ನಿಮಗ ಭಾಳ ತ್ರಾಸ ಕೊಡೋರು ಯಾರು?"

ಪಾಟೀಲ ಮಾಸ್ತರು ನಕ್ಕುಬಿಟ್ಟರು. "ಅದಕ್ಕೇನ್ರೀ ಕಮ್ಮಿ! ಮೆಹರು ಅಂತ ಒಬ್ಬಾಕಿ ಅದಾಳ. ಹಿಂದಿನ ಸಾಲಿನ್ಯಾಗ ಕುಂದರತಾಳ. ಒಂದ ಲೆಕ್ಕಾ ಹೇಳಿದ್ರ, ಇದನ್ನ ಯಾಕ ಹಿಂಗ ಮಾಡಬೇಕ್ರಿ, ಹಂಗ ಮಾಡಿದ್ರ ಏನಾಕೈತ್ರಿ ಅಂತಾಳ. ಕನ್ನಡ ಬರಿಯಾಕ ಬರೂದಿಲ್ಲ, ಒತ್ತಿಲ್ಲ, ದೀರ್ಘ ಇಲ್ಲ. ಬಾಯಿ ಮಾತ್ರ ನಿಂದರೂದಿಲ್ಲ."

"ಆಕೀನೂ ಪರೀಕ್ಷೆಗೆ ಕೂಡಸ್ರಿ," ಅಂದರು ಅಕ್ಕೋರು.

ಮೆಹರುನ್ನಿಸಾ ಹಂಚಿನ ಭಟ್ಟಿಯ ಹಿಂದಿನ ಓಣಿಯವಳು. ಅವಳ ಅಪ್ಪ ಅಲ್ಲಿ ಜೇಡಿ ತುಳಿದು ಹದ ಮಾಡುವ ಕೆಲಸದಲ್ಲಿದ್ದರು. ಮನೆಯಲ್ಲಿ ದಖನಿ ಉರ್ದು, ಓಣಿಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ. ಮೂರನ್ನೂ ಕಲಸಿ ಮಾತಾಡುತ್ತಿದ್ದಳು. ಅಲ್ಲಿಯವರೆಗೆ ಅವಳು ನನ್ನ ಲೆಕ್ಕದಲ್ಲೇ ಇರಲಿಲ್ಲ. ಮಳೆಯಲ್ಲಿ ನೆನೆದ ಪರಕಾರದ ನೆರಿಗೆ ಹಿಂಡಿಕೊಳ್ಳುತ್ತಾ ತಡವಾಗಿ ಬರುವ ಹುಡುಗಿ, ಅಷ್ಟೇ.

ಮೊದಲು ಬರೆಯುವ ಪರೀಕ್ಷೆ. ನಾನು ಎಲ್ಲವನ್ನೂ ಬರೆದು ಮುಗಿಸಿ ಕೈಕಟ್ಟಿ ಕೂತೆ. ಮೆಹರುವಿನ ಹಾಳೆ ಅರ್ಧ ಖಾಲಿ. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಆದರೆ ಮರುದಿನ ಅಕ್ಕೋರು ನಮ್ಮನ್ನೆಲ್ಲ ನೆಲದ ಮೇಲೆ ಸುತ್ತ ಕುಳ್ಳಿರಿಸಿ, ಅಂಗಳದಿಂದ ಎತ್ತಿ ತಂದ ಒಡೆದ ಹಂಚಿನ ಚೂರೊಂದನ್ನು ನಡುವೆ ಇಟ್ಟರು.

"ಇದರಿಂದ ಏನೇನು ಮಾಡಬಹುದು? ತೋಚಿದ್ದು ಹೇಳ್ರಿ. ತಪ್ಪು ಅಂತ ಯಾವುದೂ ಇಲ್ಲ."

ತಪ್ಪು ಅಂತ ಯಾವುದೂ ಇಲ್ಲ ಎಂಬ ಮಾತು ನನಗೆ ಹಿಡಿಸಲಿಲ್ಲ. ತಪ್ಪಿಲ್ಲದಿದ್ದರೆ ಸರಿ ಹೇಳಿದವರ ಗತಿಯೇನು? ಆದರೂ ಕೈಯೆತ್ತಿದೆ. ಕುಂಟಾಟ ಆಡಬಹುದು, ನೆಲದ ಮೇಲೆ ಬರೆಯಬಹುದು, ಬಾಗಿಲಿಗೆ ಅಡ್ಡ ಇಡಬಹುದು. ಅಷ್ಟು ಹೇಳಿ ನನ್ನದು ಮುಗಿಯಿತು. ಉಳಿದವರೂ ಅದನ್ನೇ ತಿರುಗಿಸಿ ಹೇಳಿದರು. ಆಮೇಲೆ ಮೆಹರು ಶುರು ಮಾಡಿದಳು. ಕಾಯಿಸಿ ಬಟ್ಟೆಯಲ್ಲಿ ಸುತ್ತಿ ಹೊಟ್ಟೆನೋವಿಗೆ ಇಡಬಹುದು. ಹಿಮ್ಮಡಿ ತಿಕ್ಕಬಹುದು. ಕುಟ್ಟಿ ಪುಡಿ ಮಾಡಿ ತಂಬಿಗೆ ಬೆಳಗಬಹುದು. ನೀರು ಹಾಕಿ ಎಷ್ಟು ಕುಡಿಯುತ್ತದೆ ನೋಡಿ, ಸರಿಯಾಗಿ ಬೆಂದಿತ್ತೋ ಇಲ್ಲವೋ ಹೇಳಬಹುದು. ಕೋಳಿಮರಿಗೆ ನೀರಿಡಬಹುದು. ಅವಳು ನಿಲ್ಲಲೇ ಇಲ್ಲ. ಕೊನೆಗೆ ಚೂರನ್ನು ಕೈಗೆತ್ತಿಕೊಂಡು ತಿರುಗಿಸಿದಳು.

"ಅಕ್ಕೋರ, ಇದನ್ನ ನೋಡಿ ಇದು ಎಲ್ಲಿತ್ತು ಅಂತನೂ ಹೇಳಬಹುದ್ರಿ. ಇದಕ್ಕ ಪಾಚಿ ದಪ್ಪ ಹಿಡದೈತಿ. ನಮ್ಮಲ್ಲಿ ಮಳಿ ಪಡುವಲ ಕಡೆಯಿಂದ ಬಡಿತೈತಿ, ಸಾಲಿ ಹಿಂಬದಿ ಆ ಕಡೆ ಐತಿ. ಹಂಗಾರ ಇದು ಸಾಲಿ ಹಿಂದಿನ ಮಾಡಿಂದು, ಮುಂದಿಂದಲ್ಲ."

ಎಲ್ಲರೂ ಎದ್ದು ಹಿಂದಕ್ಕೆ ಓಡಿದೆವು. ಹಿಂದಿನ ಮಾಡಿನ ಅಂಚಿನಲ್ಲಿ ಒಂದು ಹಂಚು ಮುರಿದಿತ್ತು. ಅಕ್ಕೋರು ನಕ್ಕರು. ಅವರಷ್ಟೇ ನಕ್ಕಿದ್ದರೆ ಏನೂ ಆಗುತ್ತಿರಲಿಲ್ಲ. ಅಷ್ಟರಲ್ಲಿ ಗದ್ದಲ ಕೇಳಿ ಅಪ್ಪ ಹೊರಗೆ ಬಂದಿದ್ದರು. ಯಾರೋ ವಿಷಯ ಹೇಳಿದರು. ಅಪ್ಪ ತಲೆಯೆತ್ತಿ ಮಾಡು ನೋಡಿದರು, ತಲೆ ಬಗ್ಗಿಸಿ ಮೆಹರುವನ್ನು ನೋಡಿದರು. ಆಮೇಲೆ ಮೀಸೆಯ ಮೇಲೆ ಬೆರಳಾಡಿಸಿದರು.

ಹೊಟ್ಟೆಕಿಚ್ಚು ಅಂತ ಹೆಸರಿಟ್ಟವರು ಯಾರೋ, ಸರಿಯಾಗಿ ಇಟ್ಟಿದ್ದಾರೆ. ನನಗದು ಶುರುವಾದದ್ದು ನಿಜಕ್ಕೂ ಹೊಟ್ಟೆಯಲ್ಲೇ.

ನಮ್ಮ ಶಾಲೆಯಿಂದ ಭಾನುವಾರದ ವರ್ಗಕ್ಕೆ ಆಯ್ಕೆಯಾದವರು ನಾವಿಬ್ಬರೇ. ಬೆಳಿಗ್ಗೆ ಪ್ಯಾಸೆಂಜರ್ ಗಾಡಿ ಹತ್ತಿಸಿಕೊಂಡು ಅಪ್ಪ ಕರೆದೊಯ್ಯುತ್ತಿದ್ದರು. ಸ್ಟೇಶನ್‌ನಲ್ಲಿ ಮೆಹರು ನಮಗಿಂತ ಮೊದಲೇ ಬಂದು ನಿಂತಿರುತ್ತಿದ್ದಳು. ಅವಳ ಅವ್ವ ತಲೆಗೆ ಗೋಣಿಚೀಲದ ಕೊಪ್ಪೆ ಹೊದಿಸಿ ಕಳಿಸಿರುತ್ತಿದ್ದಳು. ಮೊದಲ ಭಾನುವಾರ ನಾನು ಅಪ್ಪನ ಪಕ್ಕ ಕಿಡಕಿಗೆ ಕೂತಿದ್ದೆ, ಮೆಹರು ಎದುರಿಗೆ. ಗಾಡಿ ದೇಸೂರು ದಾಟುವ ಹೊತ್ತಿಗೆ ಅಪ್ಪ ಅವಳಿಗೆ ಒಂದು ಒಗಟು ಹಾಕಿದ್ದರು, ಅವಳು ಅದಕ್ಕೆ ಉತ್ತರ ಹೇಳಿ ಅಪ್ಪನಿಗೇ ಇನ್ನೊಂದು ಹಾಕಿದ್ದಳು. ಮಳೆಗಾಲ ಮುಗಿಯುವಷ್ಟರಲ್ಲಿ ಕಿಡಕಿ ನನ್ನದೇ ಉಳಿದಿತ್ತು, ಆದರೆ ಅಪ್ಪ ಎದುರಿನ ಬಾಕಿನ ಕಡೆ ಬಗ್ಗಿ ಕೂರುತ್ತಿದ್ದರು. ನನಗೆ ಕಾಣುತ್ತಿದ್ದುದು ಅವರ ಬೆನ್ನು.

"ಹೆಡ್‌ಮಾಸ್ತರ್ರ, ಗಾಡಿ ಮುಂದ ಹೊಂಟ್ರ ಗಿಡ ಹಿಂದ ಹೋಗತಾವ. ಚಂದ್ರ ಯಾಕ ನಮ್ಮ ಜೋಡಿನ ಬರ್ತಾನ್ರಿ?" ಅಂತ ಅವಳು ಕೇಳಿದರೆ ಅಪ್ಪ ಹೌಹಾರಿದವರಂತೆ ನಟಿಸಿ, "ಏ ಗಿರಿಜಾ, ಕೇಳಿದ್ಯಾ? ಏನ ಕೇಳಿದ್ಲು ನೋಡು!" ಅನ್ನುತ್ತಿದ್ದರು.

ನಾನು ಕೇಳಿರುತ್ತಿದ್ದೆ. ಹೊರಗೆ ನೋಡುತ್ತಾ ಕಿವಿಯೆಲ್ಲ ಅಲ್ಲೇ ಇಟ್ಟಿರುತ್ತಿದ್ದೆ. ಮನೆಗೆ ಬಂದು ಹಾಸಿಗೆಯಲ್ಲಿ ಮಲಗಿ ನಾನೂ ಅಂಥ ಪ್ರಶ್ನೆಗಳನ್ನು ಹೊಸೆಯಲು ನೋಡುತ್ತಿದ್ದೆ. ಒಂದು ಸಲ ಗಾಡಿಯಲ್ಲಿ ಬಹಳ ಕಷ್ಟಪಟ್ಟು, "ಅಪ್ಪಾ, ನೀರು ಯಾಕ ಕೆಳಗ ಹರಿತೈತಿ?" ಅಂದೆ. ಅಪ್ಪ ಪಾಠದಂತೆ ಉತ್ತರ ಹೇಳಿದರು. ಮೆಹರು ಮಾತ್ರ ಒಂದು ಕ್ಷಣ ಯೋಚಿಸಿ, "ಖರೇ, ಗಿಡದಾಗ ಮ್ಯಾಲೆ ಹ್ಯಾಂಗ ಹತ್ತತೈತಿ ಹಂಗಾರ?" ಅಂದಳು. ಅಪ್ಪನ ಬೆನ್ನು ಮತ್ತೆ ನನ್ನ ಕಡೆ ತಿರುಗಿತು. ನನ್ನ ಪ್ರಶ್ನೆಯನ್ನೂ ಅವಳು ತೆಗೆದುಕೊಂಡುಬಿಟ್ಟಿದ್ದಳು.

ವರ್ಗ ನಡೆಯುತ್ತಿದ್ದದ್ದು ಕೋಟೆಯ ಹತ್ತಿರದ ಹಳೆಯ ಕಟ್ಟಡದಲ್ಲಿ. ಬೆಳಗಾವಿ ಶಹರದ ಮಕ್ಕಳೂ ಬರುತ್ತಿದ್ದರು. ಬೂಟು ಹಾಕಿದವರು, ಮರಾಠಿಯಲ್ಲಿ ಪಟಪಟ ಮಾತಾಡುವವರು, ಇಂಗ್ಲಿಷ್ ಪದ್ಯ ಹೇಳುವವರು. ಅವರ ಮೇಲೆ ನನಗೆ ಹೊಟ್ಟೆಕಿಚ್ಚು ಬರಲಿಲ್ಲ. ಅವರ ಹತ್ತಿರ ಇದ್ದದ್ದು ನನ್ನದಾಗಿರಲಿಲ್ಲ. ಮೆಹರು ತೆಗೆದುಕೊಂಡದ್ದು ನನ್ನದು. ಮಧ್ಯಾಹ್ನ ಬುತ್ತಿ ಉಂಡು ಕೋಟೆಯ ಕಂದಕದ ಗುಂಟ ಅಡ್ಡಾಡುವಾಗ ಅವಳು ನನ್ನ ಕೈ ಹಿಡಿಯಲು ಬರುತ್ತಿದ್ದಳು. ನಾನು ಕೊಡವುತ್ತಿರಲಿಲ್ಲ, ಬಿಗಿಯಾಗಿ ಹಿಡಿಯುತ್ತಲೂ ಇರಲಿಲ್ಲ. ಅವಳಿಗೆ ಇದ್ಯಾವುದೂ ತಿಳಿಯುತ್ತಿರಲಿಲ್ಲ. ತಿಳಿಯದಿರುವುದೇ ನನ್ನ ಸಿಟ್ಟನ್ನು ಇನ್ನಷ್ಟು ಹೆಚ್ಚಿಸುತ್ತಿತ್ತು. ಜಗಳವಾಡಿದ್ದರೆ ಹಗುರವಾಗುತ್ತಿತ್ತೇನೋ.

ಅಕ್ಕೋರು ನಮ್ಮನ್ನು ಯಾವಾಗಲೂ ನೋಡುತ್ತಿದ್ದರು. ಪರೀಕ್ಷೆ ಅಂತ ಹೇಳದೆ ಪರೀಕ್ಷೆ ಮಾಡುತ್ತಿದ್ದರು. ಯಾರು ಬೇಗ ಬೇಸರಗೊಳ್ಳುತ್ತಾರೆ, ಯಾರು ಸೋತ ಮೇಲೂ ಅದನ್ನೇ ಹಿಡಿದು ಕೂರುತ್ತಾರೆ, ಯಾರು ಪಕ್ಕದವರದ್ದನ್ನು ಇಣುಕುತ್ತಾರೆ. ಚಳಿಗಾಲ ಕಳೆದು ಬಿಸಿಲು ಬಲಿಯತೊಡಗಿದಾಗ ಒಂದು ಭಾನುವಾರ ಇಬ್ಬಿಬ್ಬರಂತೆ ಜೋಡಿ ಮಾಡಿ, ಸುಣ್ಣದ ಕಡ್ಡಿ ಮತ್ತು ಬೊಗಸೆ ಹುಣಸೆ ಬೀಜ ಕೊಟ್ಟರು. ಒಂದನೇ ಇಯತ್ತೆಯ ಮಕ್ಕಳು ಆಡುವಂಥ ಹೊಸ ಆಟವೊಂದನ್ನು ಹುಟ್ಟಿಸಬೇಕು. ನನಗೆ ಸಿಕ್ಕ ಜೋಡಿ ಮೆಹರು.

ಅವಳು ನೆಲದ ಮೇಲೆ ಉದ್ದಕ್ಕೆ ಹೊಳೆ, ಅದರ ಮೇಲೆ ಅಡ್ಡಕ್ಕೆ ಒಂದು ಸೇತುವೆ ಬರೆದಳು. "ಇದು ಮಲಪ್ರಭಾ. ಆ ದಂಡಿಗೆ ಸಂತಿ, ಈ ದಂಡಿಗೆ ಮನಿ. ಬೀಜ ಅಂದ್ರ ಮಂದಿ. ಎಲ್ಲಾರೂ ಸಂತಿಗೆ ಹೋಗಿ ಬರಬೇಕು."

"ಪೂಲಿನ ಮ್ಯಾಲೆ ಇಬ್ಬರು ಎದುರಾದ್ರ?" ಅಂದೆ.

ಅವಳು ಕಣ್ಣರಳಿಸಿದಳು. "ಹೌದಲ್ಲ! ಯಾರ ಹಿಂದ ಸರೀಬೇಕು?"

"ಸಂತಿ ಮುಗಿಸಿ ಬಂದಾವರ ಕೈಯಾಗ ಚೀಲ ಇರತಾವ. ಖಾಲಿ ಕೈಯಾವರ ಸರೀಬೇಕು."

"ಮಳಿ ಬಂದ್ರ?"

"ಮಳಿ ಬಂತಂತ ಹ್ಯಾಂಗ ಗೊತ್ತಾಗಬೇಕು?"

ಅವಳು ಬೀಜವೊಂದನ್ನು ಕಲ್ಲಿಗೆ ಉಜ್ಜಿ ಒಂದು ಮೈ ಬೆಳ್ಳಗೆ ಮಾಡಿ ತೂರಿದಳು. ಬಿಳಿ ಬಿದ್ದರೆ ಮಳೆ. ಮಳೆ ಬಂದರೆ ಪೂಲು ಮುಳುಗುತ್ತದೆ, ಎಲ್ಲರೂ ಇದ್ದಲ್ಲೇ ನಿಲ್ಲಬೇಕು. ಅವಳು ಹುಟ್ಟಿಸುತ್ತಾ ಹೋದಳು, ನಾನು ಅದರೊಳಗಿನ ತೂತುಗಳನ್ನು ಹುಡುಕಿ ಮುಚ್ಚುತ್ತಾ ಹೋದೆ. ನಾನು ಹೇಳಿದ್ದನ್ನು ಅವಳು ಅರ್ಧಕ್ಕೇ ಹಿಡಿದು ಮುಂದೆ ಓಡುತ್ತಿದ್ದಳು, ಅವಳು ಓಡಿದ್ದನ್ನು ನಾನು ಸರಿಯಾದ ದಾರಿಗೆ ತರುತ್ತಿದ್ದೆ. ಸುತ್ತಲೂ ಯಾರಿದ್ದಾರೆ ಎಂಬುದು ಮರೆತೇಹೋಯಿತು. ಮೊಣಕಾಲಿಗೆ ಸುಣ್ಣ ಬಳಿದುಕೊಂಡು, ತಲೆಗೆ ತಲೆ ತಾಕಿಸಿಕೊಂಡು ಕೂತಿದ್ದೆವು. ಆ ಇಡೀ ವರ್ಷದಲ್ಲಿ ನಾನು ಖುಷಿಯಾಗಿದ್ದದ್ದು ಆ ಒಂದು ಮಧ್ಯಾಹ್ನ. ಅದೂ ಅವಳ ಜೊತೆಗೇ ಅನ್ನುವುದು ಆಮೇಲೆ ಹೊಳೆದಾಗ ನನಗೆ ನನ್ನ ಮೇಲೇ ರೇಗಿತು.

ಸಂಜೆ ನೀರು ಕುಡಿಯಲು ಹಿಂದಿನ ಪಡಸಾಲೆಗೆ ಹೋದೆ. ಬಾಗಿಲಿನ ಆಚೆ ಅಕ್ಕೋರು ಅಪ್ಪನ ಜೊತೆ ಮಾತಾಡುತ್ತಿದ್ದರು.

"ನನಗ ಇಬ್ಬರೂ ಬೇಕಾಗಿದ್ರು. ಏನ ಮಾಡಲಿ, ತಾಲೂಕಿಗೆ ಒಂದ ಜಾಗಾ ಅದ. ಮಾರ್ಕ್ಸ್ ನೋಡಿದ್ರ ನಿಮ್ಮ ಮಗಳದು ಮುಂದ. ಉಳದದ್ದು ನೋಡಿದ್ರ ಆ ಹುಡುಗಿದು. ನೀವು ಇಬ್ಬರನ್ನೂ ಬಲ್ಲವರು. ನೀವ ಹೇಳ್ರಿ."

ತಂಬಿಗೆ ಹಿಡಿದು ಬಾಗಿಲಿಗೆ ಕಿವಿಗೊಟ್ಟೆ. ಅಪ್ಪ ಹೇಳುತ್ತಾರೆ, ನನ್ನ ಹೆಸರು ಹೇಳುತ್ತಾರೆ. ಯಾಕೆ ತಡ ಮಾಡುತ್ತಿದ್ದಾರೆ?

"ಅಕ್ಕೋರ," ಅಂದರು ಅಪ್ಪ ಕೊನೆಗೆ. "ನನ್ನ ಮಗಳಿಗೆ ಹೇಳಿಕೊಟ್ಟದ್ದೆಲ್ಲಾ ಬರತೈತ್ರಿ. ಆ ಹುಡುಗಿಗೆ ಹೇಳಿಕೊಡಲಾರದ್ದೂ ಬರತೈತಿ."

ಅಕ್ಕೋರು ಕೇಳಿದರು, "ಮನ್ಯಾಗ ಏನಂತ ಹೇಳ್ತೀರಿ?"

"ಅದನ್ನ ಈಗ ಕೇಳಬ್ಯಾಡ್ರಿ."

ತಿರುಗಿ ಬರುವಾಗ ಗಾಡಿಯಲ್ಲಿ ಮೆಹರು ನಿದ್ದೆ ಹೋಗಿ ನನ್ನ ಹೆಗಲ ಮೇಲೆ ಒರಗಿದಳು. ಅಪ್ಪ ಆ ದಿನ ಯಾರಿಗೂ ಒಗಟು ಹಾಕಲಿಲ್ಲ.

ಮರುದಿನದಿಂದ ಅಪ್ಪನ ಜೊತೆ ಮಾತು ಬಿಟ್ಟೆ. ಕೈ ಹಿಡಿಯದೆ ಹತ್ತು ಮಾರು ಹಿಂದೆ ಶಾಲೆಗೆ ನಡೆಯುತ್ತಿದ್ದೆ. ಅವ್ವನಿಗೆ ಏನೋ ಆಗಿದೆ ಅಂತ ಅನ್ನಿಸಿತ್ತು, ಏನಂತ ತಿಳಿಯಲಿಲ್ಲ. ಒಂದು ಸಂಜೆ ನಾನು ಹಿತ್ತಲಲ್ಲಿ ಬಟ್ಟೆ ಮಡಚುತ್ತಿದ್ದಾಗ ಅಪ್ಪ ಬಂದು ಎದುರಿನ ಕಲ್ಲಿನ ಮೇಲೆ ಕೂತರು.

"ನೀ ಅವತ್ತು ಬಾಗಲಾ ಹಿಂದ ಇದ್ದಿ. ಹೌದಿಲ್ಲೊ?"

ನಾನು ಇನ್ನೊಂದು ಬಟ್ಟೆ ಎತ್ತಿಕೊಂಡು ಮಡಚಿದೆ.

"ಸಿಟ್ಟ ಮಾಡಿಕೊ. ಬ್ಯಾಡ ಅನ್ನೂದಿಲ್ಲ."

"ನಾ ನಿನ್ನ ಮಗಳಲ್ಲೇನ ಅಪ್ಪಾ?" ಅಂದುಬಿಟ್ಟೆ. ತಡೆದಿಟ್ಟ ಅಳುವೆಲ್ಲ ಹೊರಗೆ ಬಂತು.

"ಮಗಳದಿ. ಅದಕ್ಕಂತನ ನಿನ್ನ ಹೆಸರ ಹೇಳಾಕ ಆಗಲಿಲ್ಲ ನೋಡು. ಹೇಳಿದ್ರ ನಾಳೆ ಆ ಕುರ್ಚಿ ಮ್ಯಾಲೆ ಹ್ಯಾಂಗ ಕುಂದರ್ಲಿ?"

"ಆಕಿ ಅಂದ್ರ ನಿನಗ ಭಾಳ ಪ್ರೀತಿ."

ಅಪ್ಪ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಆಕಿ ಜೋಡಿ ಮಾತಾಡೂದು ನನಗ ಭಾಳ ಸೇರತೈತಿ," ಅಂದರು. "ಇಷ್ಟ ವರ್ಷ ಮಾಸ್ತರಕಿ ಮಾಡೇನಿ, ಅಂಥಾ ಕೂಸ ಸಿಕ್ಕಿರಲಿಲ್ಲ. ಪ್ರೀತಿ ಅಂದ್ರ ಬ್ಯಾರೆ, ಗಿರಿಜಾ."

ಅವರು ಬೇರೆ ಅಂದದ್ದು ನನಗೆ ಆಗ ಬೇರೆಯಾಗಿ ಕೇಳಿಸಲಿಲ್ಲ. ಹತ್ತರ ಹುಡುಗಿಗೆ ಪ್ರೀತಿ ಒಂದೇ ಥರದ್ದು.

ಆದರೆ ಆಯ್ಕೆಯಾದರೇನಾಯಿತು, ಮೆಹರುವಿನ ಮನೆಯಲ್ಲಿ ಒಪ್ಪಲಿಲ್ಲ. ಹೆಣ್ಣು ಕೂಸನ್ನು ಪರಊರಿನ ವಸತಿ ಶಾಲೆಯಲ್ಲಿ ಬಿಡುವುದು ಹೇಗೆ ಅಂತ ಅವಳ ಅವ್ವನಿಗೆ ದಿಗಿಲು. ಮೇ ತಿಂಗಳ ಬಿಸಿಲಲ್ಲಿ ಅಪ್ಪ ಅವರ ಮನೆಗೆ ಹೊರಟರು. ನನ್ನನ್ನೂ ಕರೆದರು. "ನೀ ಬಂದ್ರ ಅವರಿಗೆ ಧೈರ್ಯ ಬರತೈತಿ," ಅಂದರು. ಹೋಗುವ ಮನಸ್ಸಿರಲಿಲ್ಲ. ಆದರೆ ಅಪ್ಪ ಒಬ್ಬರೇ ಆ ಮನೆಗೆ ಹೋಗುವುದು ಅದಕ್ಕಿಂತ ಸಹಿಸಲಾಗದಂತಿತ್ತು.

ಭಟ್ಟಿಗೆ ಬೆಂಕಿ ಹಾಕಿದ್ದರು. ಓಣಿಯ ತುಂಬ ಜೇಡಿ ಬೇಯುವ ವಾಸನೆ. ಒಣಗಲು ಸಾಲಾಗಿ ಇಟ್ಟ ಹಸಿ ಹಂಚುಗಳ ನಡುವೆ ಹಾದು ಹೋದೆವು. ಮೆಹರುವಿನ ಅಪ್ಪ ಮೊಣಕಾಲವರೆಗೆ ಒಣಗಿದ ಮಣ್ಣಿನಲ್ಲೇ ಎದ್ದು ನಿಂತು, "ಬರ್ರಿ ಸರ್, ಕುಂದರ್ರಿ," ಅಂತ ಕಂಬಳಿ ಹಾಸಿದರು. "ನಂದೇನಿಲ್ರಿ. ಆಕಿ ಅಮ್ಮನ್ನ ಕೇಳ್ರಿ," ಅಂದು ಮೂಲೆಗೆ ಸರಿದರು.

ಮೆಹರುವಿನ ಅವ್ವ ಖೈರೂನ್ ಚಾಚಿ ಬಾಗಿಲ ಮರೆಯಲ್ಲಿ ನಿಂತಿದ್ದಳು. ಅಪ್ಪ ಬಹಳ ಹೊತ್ತು ಹೇಳಿದರು. ಅಕ್ಕೋರು ಎಂಥವರು, ಶಾಲೆ ಎಂಥದು, ಮುಂದೆ ಏನೇನಾಗಬಹುದು. ಚಾಚಿ ತಲೆ ಅಲ್ಲಾಡಿಸುತ್ತಲೇ ಇದ್ದಳು. "ನಿಮ್ಮ ಮಾತ ಖರೇ ಸರ್. ಆದ್ರ ನೀವು ಗಂಡಸರು. ನಿಮಗ ಹೊರಗಿಂದ ಕಾಣತೈತಿ. ಒಳಗಿಂದ ಯಾರ ಹೇಳಬೇಕು?" ಅಂದಳು. ಆಮೇಲೆ ಅವಳ ಕಣ್ಣು ನನ್ನ ಮೇಲೆ ಬಿತ್ತು. ಹತ್ತಿರ ಬಂದು ನನ್ನೆದುರು ಕುಕ್ಕರಗಾಲಲ್ಲಿ ಕೂತು ಗಲ್ಲ ಹಿಡಿದಳು.

"ನೀ ಹೇಳು ಬೇಟಿ. ನೀ ವರ್ಷಪೂರ್ತಿ ಆಕಿ ಜೋಡಿ ಹೋಗಿ ಬಂದೀಯ. ಅಕ್ಕೋರನ್ನ ನೋಡೀಯ, ಆ ಶಹರದ ಮಕ್ಕಳನ್ನ ನೋಡೀಯ. ನನ್ನ ಮಗಳು ಅಲ್ಲಿ ಛಲೋ ಇರತಾಳೇನ? ಕಳಸಲ್ಯಾ? ಬ್ಯಾಡಾ? ನೀ ಹ್ಯಾಂಗ ಹೇಳ್ತಿ ಹಂಗ."

ಮನೆಯೊಳಗೆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಒಲೆಯ ಹತ್ತಿರ ನಿಂತ ಮೆಹರು ಉಸಿರು ಬಿಗಿಹಿಡಿದಿದ್ದಳು. ಬ್ಯಾಡ ಅಂದರೆ ಸಾಕಿತ್ತು. ಜಾಗ ನನಗೆ ಬರುತ್ತಿತ್ತು, ಬೆಳಗಾವಿ ನನ್ನದಾಗುತ್ತಿತ್ತು. ಆದರೆ ಆ ಕ್ಷಣದಲ್ಲಿ ನನ್ನ ಕಣ್ಣೆದುರು ಬಂದದ್ದು ಬೇರೆಯೇ ಚಿತ್ರ. ನಾನು ಬೆಳಗಾವಿಯ ವಸತಿ ಶಾಲೆಯಲ್ಲಿ. ಮೆಹರು ಇಲ್ಲಿ ಖಾನಾಪುರದಲ್ಲಿ, ಅಪ್ಪನ ಶಾಲೆಯಲ್ಲಿ, ದಿನವೂ. ಅಪ್ಪ ಸಂಜೆ ಖೋಲಿಯಲ್ಲಿ ಕೂತು ಅವಳಿಗೆ ಒಗಟು ಹಾಕುವುದು, ಅವಳು ತಿರುಗಿ ಹಾಕುವುದು, ಅಪ್ಪ ಮೀಸೆಯ ಮೇಲೆ ಬೆರಳಾಡಿಸುವುದು. ಅಲ್ಲಿ ನಾನಿಲ್ಲ.

"ಕಳಸ್ರಿ ಚಾಚಿ," ಅಂದೆ. "ಭಾಳ ಛಲೋ ಐತ್ರಿ. ಅಕ್ಕೋರು ಯಾರಿಗೂ ಬಡಿಯೂದಿಲ್ಲ. ಮೆಹರೂನ ಕಂಡ್ರ ಎಲ್ಲಾರಿಗೂ ಸೇರತೈತಿ. ಈಗ್ಲೇ ಕಳಸ್ರಿ."

ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಚಾಚಿ ಕಣ್ಣೊರೆಸಿಕೊಂಡು ನನ್ನ ತಲೆ ನೇವರಿಸಿದಳು. ಮೆಹರು ಓಡಿ ಬಂದು ನನ್ನನ್ನು ತಬ್ಬಿಕೊಂಡಳು. ಅಪ್ಪನ ಕಣ್ಣೂ ತುಂಬಿತ್ತು. ತನ್ನ ಜಾಗ ತಾನೇ ಬಿಟ್ಟುಕೊಟ್ಟ ಮಗಳು ಅಂತ ಆಮೇಲೆ ಅವ್ವನಿಗೆ ಹೇಳಿದರು, ಪಾಟೀಲ ಮಾಸ್ತರಿಗೆ ಹೇಳಿದರು, ಎಷ್ಟೋ ವರ್ಷ ಬಂದವರಿಗೆಲ್ಲ ಹೇಳಿದರು. ನಾನು ಸುಮ್ಮನೆ ನಿಂತಿರುತ್ತಿದ್ದೆ. ಕಳಿಸಿದ್ದು ಅವಳ ಒಳ್ಳೆಯದಕ್ಕಲ್ಲ, ಅವಳು ನಮ್ಮಪ್ಪನಿಂದ ದೂರ ಹೋಗಲಿ ಅಂತ ಎಂಬುದು ಯಾರಿಗೂ ಹೊಳೆಯಲಿಲ್ಲ.

ನನ್ನ ಲೆಕ್ಕ ತಲೆಕೆಳಗಾಗಲು ಆ ಮನೆಯ ಹೊಸ್ತಿಲು ದಾಟುವಷ್ಟು ಹೊತ್ತೂ ಬೇಕಾಗಲಿಲ್ಲ. ಚಾಚಿಯ ಮುಖದಲ್ಲಿ ಇನ್ನೂ ಉಳಿದಿದ್ದ ದಿಗಿಲು ನೋಡಿ ಅಪ್ಪ ಕೈಜೋಡಿಸಿ ಹೇಳಿಬಿಟ್ಟರು, "ನೀವೇನೂ ಚಿಂತಿ ಮಾಡಬ್ಯಾಡ್ರಿ ತಂಗಿ. ಪ್ರತಿ ಐತವಾರ ನಾನ ಹೋಗಿ ನೋಡಿಕೊಂಡ ಬರ್ತೀನಿ."

ಜೂನ್ ಬಂತು, ಮಳೆ ಬಂತು. ಮೆಹರು ಬೆಳಗಾವಿಯ ಖಾಸಬಾಗದ ಹತ್ತಿರದ ವಸತಿ ಶಾಲೆಗೆ ಹೋದಳು. ವಾರವಿಡೀ ಅಪ್ಪ ನನ್ನವರು. ಕೈ ಹಿಡಿದು ಶಾಲೆಗೆ ನಡೆಯುತ್ತಿದ್ದೆವು. ಭಾನುವಾರ ಬಂದರೆ ಬೆಳಿಗ್ಗೆಯೇ ಛತ್ರಿ ತೆಗೆದುಕೊಂಡು ಗಾಡಿಗೆ ಹೊರಡುತ್ತಿದ್ದರು. "ಬರ್ತಿ ಏನ?" ಅನ್ನುತ್ತಿದ್ದರು. "ಇಲ್ಲ," ಅನ್ನುತ್ತಿದ್ದೆ. ಸಂಜೆ ಬಂದು ಮೆಹರು ಏನು ಕೇಳಿದಳು, ಏನು ಹೇಳಿದಳು ಅಂತ ಊಟಕ್ಕೆ ಕೂತಾಗ ಅವ್ವನಿಗೆ ವರದಿ ಒಪ್ಪಿಸುತ್ತಿದ್ದರು. ನಾನು ತಾಟಿನಿಂದ ತಲೆ ಎತ್ತುತ್ತಿರಲಿಲ್ಲ.

ಮೆಹರು ಮುಂದೆ ಗಣಿತ ಓದಿದಳು, ಧಾರವಾಡದಲ್ಲಿ ಕಾಲೇಜಿನ ಮಕ್ಕಳಿಗೆ ಕಲಿಸಿದಳು. ನಾನು ಹೈಸ್ಕೂಲು ಮುಗಿಸಿ ಅದೇ ಟ್ರೇನಿಂಗ್ ಕಾಲೇಜಿಗೆ ಸೇರಿದೆ, ಅಪ್ಪನ ಕೆಲಸವನ್ನೇ ಹಿಡಿದೆ. ನನ್ನಲ್ಲಿ ಓದಿದ ಎಷ್ಟೋ ಮಕ್ಕಳಿಗೆ ಹೇಳಿಕೊಟ್ಟದ್ದೆಲ್ಲ ಬಂತು. ಅದು ಕಡಿಮೆಯೇನಲ್ಲ ಅಂತ ನನಗೆ ನಾನೇ ಹೇಳಿಕೊಂಡಿದ್ದೇನೆ, ಬಹುಮಟ್ಟಿಗೆ ನಂಬಿಯೂ ಇದ್ದೇನೆ. ಆದರೆ ಆ ವರ್ಷವನ್ನು ನೆನೆದಾಗ ಕೊನೆಗೆ ಬಂದು ನಿಲ್ಲುವುದು ಅವಳು ವಸತಿ ಶಾಲೆಗೆ ಹೋದ ಮರು ತಿಂಗಳು, ಜುಲೈನ ಒಂದು ಭಾನುವಾರ.

ಆ ಬೆಳಿಗ್ಗೆ ಅಪ್ಪ ಎಂದಿನಂತೆ ಕೇಳಿದಾಗ, ಯಾಕೆಂದು ತಿಳಿಯದು, ಚಪ್ಪಲಿ ಮೆಟ್ಟಿಕೊಂಡು ಹಿಂದೆ ಹೊರಟೆ. ಬೆಳಗಾವಿಯಲ್ಲಿ ಇಳಿದಾಗ ಮಳೆ ಜೋರಾಗಿತ್ತು. ಅಪ್ಪ ಸ್ಟೇಶನ್ ಹೊರಗೆ ಬಿಸಿ ಬಿಸಿ ಭಜಿ ಕಟ್ಟಿಸಿಕೊಂಡರು. ಮೆಹರುವಿಗೆ ಅದು ಬಹಳ ಸೇರುತ್ತದೆ ಅಂದರು. ದಾರಿಯುದ್ದಕ್ಕೂ ಆ ಪೊಟ್ಟಣ ನೆನೆಯದಂತೆ ಅಂಗಿಯೊಳಗೆ ಹಿಡಿದುಕೊಂಡರು. ಅವಳಿಗಾಗಿ ಒಂದು ಹೊಸ ಒಗಟನ್ನೂ ಹುಡುಕಿ ಇಟ್ಟುಕೊಂಡಿದ್ದರು. ಟಾಂಗಾದಲ್ಲಿ ಅದನ್ನು ಬಾಯಲ್ಲೇ ಹೇಳಿಕೊಳ್ಳುತ್ತಿದ್ದರು.

ವಸತಿ ಶಾಲೆಯ ಪಡಸಾಲೆಯಲ್ಲಿ ಕಾದು ನಿಂತೆವು. ಯಾರೋ ಒಳಗೆ ಹೋಗಿ ಹೇಳಿದರು. ಮೆಹರು ಓಡುತ್ತಾ ಬಂದಳು. ಸೊರಗಿದ್ದಳು, ಜಡೆ ಬೇರೆ ಥರ ಹೆಣೆದಿದ್ದರು. ಅಪ್ಪ ಒಂದು ಹೆಜ್ಜೆ ಮುಂದೆ ಬಂದು, "ಏನವಾ ಮೆಹರು, ಇವತ್ತ ಒಂದ ತಂದೀನಿ, ಬಿಡಸ ನೋಡೂಣು!" ಅಂದರು.

ಅವಳು ಅಪ್ಪನನ್ನು ದಾಟಿ ಸೀದಾ ನನ್ನ ಹತ್ತಿರ ಬಂದಳು. ನನ್ನ ಎರಡೂ ಕೈ ಹಿಡಿದುಕೊಂಡಳು.

"ಯಾಕ ಬರಲಿಲ್ಲ ಇಷ್ಟ ದಿನಾ? ಪ್ರತಿ ಐತವಾರ ಬಾಗಲಾ ನೋಡತಿದ್ದೆ. ನಿಮ್ಮಪ್ಪ ಅಷ್ಟ ಬರತಿದ್ರು. ಇಲ್ಲಿ ಒಬ್ಬರಿಗೂ ನಾ ಹೇಳೂದು ತಿಳಿಯೂದಿಲ್ಲ ಗಿರಿಜಾ. ಹೂಂ ಅಂತಾರ, ನಗತಾರ, ಹೋಗಿಬಿಡ್ತಾರ. ಅದು ತಪ್ಪು, ಹಿಂಗಾದ್ರ ಏನ ಮಾಡ್ತಿ ಅಂತ ಯಾರೂ ಕೇಳೂದಿಲ್ಲ. ಬಾ, ನಿನಗ ಎಷ್ಟ ಹೇಳೂದೈತಿ!"

ಎಳೆದುಕೊಂಡು ಹೊರಟೇಬಿಟ್ಟಳು. ನಾನು ತಿರುಗಿ ನೋಡಿದೆ. ಅಪ್ಪ ಅಲ್ಲೇ ನಿಂತಿದ್ದರು. ಕೈಯಲ್ಲಿ ಎಣ್ಣೆ ಹೀರಿದ ಪೊಟ್ಟಣ ಹಾಗೇ ಮುಂದಕ್ಕೆ ಚಾಚಿಕೊಂಡಿತ್ತು. ತುಟಿಯ ಮೇಲೆ ನಗು ಇತ್ತು, ಆದರೆ ಅದು ಯಾರ ಕಡೆಗೂ ಇರಲಿಲ್ಲ. ಮುಖ ಸಣ್ಣದಾಗಿತ್ತು. ಅಂಥ ಮುಖವನ್ನು ಅಪ್ಪನ ಮೇಲೆ ನಾನು ಎಂದೂ ನೋಡಿರಲಿಲ್ಲ. ಆದರೆ ಅದರ ಒಳಗೆ ಹೇಗಿರುತ್ತದೆ ಅನ್ನುವುದು ನನಗಿಂತ ಚೆನ್ನಾಗಿ ಬಲ್ಲವರು ಆ ಪಡಸಾಲೆಯಲ್ಲಿ ಯಾರೂ ಇರಲಿಲ್ಲ.

ಮೆಹರುವಿನ ಕೈ ಬಿಡದೆ ನಿಂತೆ.

"ಅಪ್ಪಾ," ಅಂದೆ. "ನೀನೂ ಬಾ."